ದಾಳಿಕೋರನನ್ನು ತಡೆಯುವವರು ಯಾರು? ಪರೀಕ್ಷೆಗೆ ಓದುವಾಗ ಮಾಡಿಕೊಂಡ ಟಿಪ್ಪಣಿ

ಈ ಪಾಠದಲ್ಲಿ ನಾನು ಮೊದಲು ಎಡವಿದ್ದು ಒಂದೇ ಕಡೆ. ವಿಶ್ವಸಂಸ್ಥೆ ಅಂದರೆ ಎಲ್ಲ ದೇಶಗಳ ಮೇಲೆ ಕೂತಿರುವ ದೊಡ್ಡ ಸರ್ಕಾರ ಅಂದುಕೊಂಡಿದ್ದೆ. ಹಾಗೇನಿಲ್ಲ. ಸದಸ್ಯ ದೇಶಗಳು ಕೊಟ್ಟಷ್ಟು ಹಣ, ಕಳಿಸಿದಷ್ಟು ಸೈನಿಕರು, ಒಪ್ಪಿದಷ್ಟು ಅಧಿಕಾರ, ಅಷ್ಟೇ.

ಅದಕ್ಕೂ ಮೊದಲು ಅದೇ ಥರ ದೇಶಗಳು ಸೇರಿ ಕಟ್ಟಿಕೊಂಡಿದ್ದ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಕಥೆ ನೋಡಿ. 1935ರ ಅಕ್ಟೋಬರ್‌ನಲ್ಲಿ ಇಟಲಿ ಅಬಿಸೀನಿಯಾ, ಅಂದರೆ ಇಂದಿನ ಇಥಿಯೋಪಿಯಾದ ಮೇಲೆ ಬಿತ್ತು. ಸಂಘ ಸುಮ್ನೆ ಕೂರಲಿಲ್ಲ. ತಪ್ಪು ಇಟಲಿಯದೇ ಎಂದು ಹೇಳಿತು. ಶಸ್ತ್ರ ಮಾರಬೇಡಿ, ಸಾಲ ಕೊಡಬೇಡಿ ಎಂದಿತು. ಆದರೆ ಆ ಪಟ್ಟಿಯಲ್ಲಿ ಪೆಟ್ರೋಲಿಯಂ ಇರಲಿಲ್ಲ! ಟ್ಯಾಂಕು, ಲಾರಿ, ವಿಮಾನ ಓಡುವುದೇ ಅದರಿಂದ ಅಲ್ವಾ? ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಇಟಲಿಯ ಸೈನ್ಯ ಹೊತ್ತ ಹಡಗುಗಳು ಅಲ್ಲಿಂದಲೇ ಹೋದವು.

‘ಸಂಘಕ್ಕೆ ಸ್ವಂತ ಸೈನ್ಯ ಇರಲಿಲ್ಲ’ ಎಂದು ಎಲ್ಲರೂ ಬರೆಯುತ್ತಾರೆ. ನನ್ನ ಪ್ರಕಾರ ಅದು ಅರ್ಧ ಉತ್ತರ. ಬ್ರಿಟನ್ನಿನ ನೌಕಾಪಡೆ ಅಲ್ಲೇ ಇತ್ತು. ಆದರೆ ಹಿಟ್ಲರನ ಭಯದಲ್ಲಿದ್ದ ಬ್ರಿಟನ್, ಫ್ರಾನ್ಸ್‌ಗೆ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯನ್ನು ದೂರ ಮಾಡಿಕೊಳ್ಳಲು ಮನಸ್ಸಿರಲಿಲ್ಲ. 1936ರ ಜೂನ್‌ನಲ್ಲಿ ದೇಶ ಕಳೆದುಕೊಂಡ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ, ಸಂಘದ ಕಚೇರಿಯಿದ್ದ ಜಿನೀವಾಕ್ಕೆ ಬಂದು ನ್ಯಾಯ ಕೇಳಿದರು. ಮರುತಿಂಗಳೇ ಇಟಲಿಯ ಮೇಲಿನ ನಿರ್ಬಂಧ ತೆಗೆದರು.

ಇನ್ನು ವಿಶ್ವಸಂಸ್ಥೆಗೆ ಬರೋಣ. ಅಲ್ಲಿನ ತೊಡಕು ವೀಟೋ, ಅಂದರೆ ನಿರ್ಣಯವನ್ನು ಒಬ್ಬರೇ ತಡೆಯುವ ಅಧಿಕಾರ. ಭದ್ರತಾ ಮಂಡಳಿಯಲ್ಲಿ 15 ಸದಸ್ಯರು, ಅದರಲ್ಲಿ 5 ಕಾಯಂ (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್). ಆ ಐವರಲ್ಲಿ ಒಬ್ಬರು ಬೇಡ ಅಂದರೂ ನಿರ್ಣಯ ಬಿತ್ತು. ಜಗಳದಲ್ಲಿ ತಾನೇ ಇರುವ ದೇಶ ಮತ ಹಾಕಬಾರದು ಎಂಬ ನಿಯಮ ವಿಶ್ವಸಂಸ್ಥೆಯ ಸನ್ನದಿನಲ್ಲಿ, ಅಂದರೆ ಅದರ ಮೂಲ ಒಪ್ಪಂದದಲ್ಲಿ ಇದೆ. ಆದರೆ ಅದು ಮಾತುಕತೆಯಿಂದ ಬಗೆಹರಿಸುವ 6ನೇ ಅಧ್ಯಾಯಕ್ಕೆ ಮಾತ್ರ. ಬಲ ಬಳಸುವ 7ನೇ ಅಧ್ಯಾಯಕ್ಕೆ ಇಲ್ಲ. ಇದನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ. 1989ರಲ್ಲಿ ಪನಾಮಾಕ್ಕೆ ನುಗ್ಗಿದ ಅಮೆರಿಕ ತನ್ನ ವಿರುದ್ಧದ ನಿರ್ಣಯವನ್ನು ವೀಟೋದಿಂದ ತಡೆಯಿತು. 2022ರ ಫೆಬ್ರುವರಿ 25ರಂದು ಉಕ್ರೇನ್ ವಿಷಯದಲ್ಲಿ ರಷ್ಯಾ ಮಾಡಿದ್ದೂ ಅದನ್ನೇ. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನವೂ ರಷ್ಯಾದ್ದೇ! ವಾರದೊಳಗೆ ಎಲ್ಲ ಸದಸ್ಯ ದೇಶಗಳೂ ಕೂರುವ ಸಾಮಾನ್ಯ ಸಭೆಯಲ್ಲಿ 141 ದೇಶಗಳು ದಾಳಿಯನ್ನು ಖಂಡಿಸಿದವು. ಆದರೆ ಆ ಸಭೆಯ ಮಾತನ್ನು ಕೇಳಲೇಬೇಕೆಂಬ ಕಟ್ಟುಪಾಡಿಲ್ಲ.

ಹಾಗಾದರೆ 1950ರಲ್ಲಿ ವಿಶ್ವಸಂಸ್ಥೆಯ ಹೆಸರಲ್ಲಿ ಕೊರಿಯಾಕ್ಕೆ ಸೈನ್ಯ ಹೋಗಿದ್ದು ಹೇಗೆ? ಆಗ ಸೋವಿಯತ್ ಪ್ರತಿನಿಧಿ ಬಹಿಷ್ಕಾರ ಹಾಕಿ ಸಭೆಗೇ ಬಂದಿರಲಿಲ್ಲ. ಹಾಗಾಗಿ ಆ ದೇಶದ ವೀಟೋ ಬೀಳಲಿಲ್ಲ.

ಶಾಂತಿಪಾಲನಾ ಪಡೆಯನ್ನು ಇದರ ಜೊತೆ ಕಲಸಬೇಡಿ. ಅದು ಸಾಮಾನ್ಯವಾಗಿ ಕದನವಿರಾಮ ಆದಮೇಲೆ, ಆ ನೆಲದ ಸರ್ಕಾರ ಒಪ್ಪಿದರೆ ಬಂದು ನಿಲ್ಲುವ ಪಡೆ. ಸೂಯೆಜ್ ಕಾಲುವೆಯ ವಿಷಯದಲ್ಲಿ ನಡೆದ ಯುದ್ಧದ ನಂತರ 1956ರಲ್ಲಿ ಈಜಿಪ್ಟ್‌ಗೆ ಬಂದದ್ದು ಅಂಥದ್ದೇ. 1967ರ ಮೇ ತಿಂಗಳಲ್ಲಿ ಈಜಿಪ್ಟ್ ‘ಹೊರಡಿ’ ಅಂದಿತು. ಹೊರಡಲೇಬೇಕಾಯಿತು. ಇಸ್ರೇಲ್ ತನ್ನ ಬದಿಯಲ್ಲಿ ಆ ಪಡೆಯನ್ನು ಮೊದಲಿನಿಂದಲೂ ಬಿಟ್ಟುಕೊಂಡಿರಲಿಲ್ಲ. ಜೂನ್ 5ಕ್ಕೆ ಇಸ್ರೇಲ್ ಮತ್ತು ಈಜಿಪ್ಟ್ ನಡುವೆ ಯುದ್ಧ ಶುರುವಾಯಿತು.