ಇಪ್ಪತ್ತಾರು ವಾದ್ಯದ ನಾಟಕ, ಮೂರೇ ವಾದ್ಯದಲ್ಲಿ

2017ರಲ್ಲಿ ತಂಗಿಯ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಒಂದು ಸಂಜೆ ನ್ಯೂಯಾರ್ಕಿನ ಬ್ಯಾರೋ ಸ್ಟ್ರೀಟ್ ಥಿಯೇಟರಿನಲ್ಲಿ 'ಸ್ವೀನಿ ಟಾಡ್' ನೋಡಲು ಕೂತೆ. ಕೂತಿದ್ದು ಸೀಟಿನಲ್ಲಲ್ಲ, ಉದ್ದನೆಯ ಮರದ ಬೆಂಚಿನ ಮೇಲೆ. ಎದುರಿಗೆ ಊಟದ ಮೇಜು. ಒಟ್ಟು 130 ಜನ ಹಿಡಿಸುವ ಜಾಗ. ನಾಟಕಕ್ಕೆ ಮುಂಚೆ ಬೇಕಾದವರಿಗೆ ಪೈ ಬಡಿಸುತ್ತಿದ್ದರು, ಒಳಗೆ ಪಲ್ಯವೋ ಮಾಂಸವೋ ತುಂಬಿ ಬೇಯಿಸಿದ ಕಡುಬಿನಂಥದ್ದು. ನಾನು ತರಕಾರಿಯದ್ದು ತಗೊಂಡೆ.

ಕಥೆ ಗೊತ್ತಿದ್ದವರು ಇಲ್ಲಿ ನಗುತ್ತಾರೆ. ಸ್ವೀನಿ ಟಾಡ್ ಲಂಡನ್ನಿನ ಕ್ಷೌರಿಕ. ಅವನ ಹೆಂಡತಿಯ ಮೇಲೆ ಕಣ್ಣು ಹಾಕಿದ ಜಡ್ಜ್ ಒಬ್ಬ ಇವನ ಮೇಲೆ ಸುಳ್ಳು ಕೇಸು ಹಾಕಿಸಿ ಗಡೀಪಾರು ಮಾಡಿರುತ್ತಾನೆ. ಹದಿನೈದು ವರ್ಷದ ಮೇಲೆ ಇವನು ವಾಪಸು ಬಂದು ಕ್ಷೌರದ ಕತ್ತಿ ಹಿಡಿದು ಜನರ ಕತ್ತು ಕುಯ್ಯತೊಡಗುತ್ತಾನೆ. ಕೆಳಗಿನ ಅಂಗಡಿಯ ಮಿಸೆಸ್ ಲವೆಟ್ ಆ ಹೆಣಗಳನ್ನು ಪೈ ಮಾಡಿ ಮಾರುತ್ತಾಳೆ. ವ್ಯಾಪಾರ ಭರ್ಜರಿ.

ರಂಗಸಂಗೀತ ನನ್ನ ಕಸುಬು. ಯಾವ ನಾಟಕಕ್ಕೆ ಹೋದರೂ ಕಣ್ಣು ಮೊದಲು ಹೋಗುವುದು ಹಿಮ್ಮೇಳದ ಕಡೆಗೆ. ಅಲ್ಲಿ ಒಂದು ಪಿಯಾನೋ, ಒಂದು ಪಿಟೀಲು, ಒಂದು ಕ್ಲಾರಿಯೋನೆಟ್. ಅಷ್ಟೇ. ಇದೇ ನಾಟಕ 1979ರಲ್ಲಿ ಬ್ರಾಡ್ವೇಗೆ, ಅಂದರೆ ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳಿಗೆ, ಬಂದಾಗ ಜೊನಾಥನ್ ಟ್ಯೂನಿಕ್ ಅದಕ್ಕೆ ಬರೆದುಕೊಟ್ಟಿದ್ದು 26 ಜನರ ಆರ್ಕೆಸ್ಟ್ರಾ. ಮಿಕ್ಕ ಇಪ್ಪತ್ತಮೂರು ಜನರ ಕೆಲಸ ಎಲ್ಲಿಗೆ ಹೋಯಿತು ಅಂತ ನೋಡುತ್ತಾ ಕೂತೆ. ಪೈ ತಣ್ಣಗಾಯಿತು.

ಮೊದಲು ಆ ದೊಡ್ಡ ನಾಟಕದ ಬಗ್ಗೆ ಎರಡು ಮಾತು. ಇದರ ಹಾಡು, ಸಂಗೀತ ಎರಡನ್ನೂ ಬರೆದ ಸ್ಟೀಫನ್ ಸೊಂಡ್‌ಹೈಮ್ ಇದನ್ನು ಬರೆಯಲು ಹೊರಟಾಗ ಅವರ ತಲೆಯಲ್ಲಿದ್ದದ್ದು ಪುಟ್ಟ ಜಾಗದಲ್ಲಿ ಜನರನ್ನು ಹೆದರಿಸುವ ಒಂದು ಸಣ್ಣ ನಾಟಕ. ನಿರ್ದೇಶಕ ಹೆರಾಲ್ಡ್ ಪ್ರಿನ್ಸ್ ಅದನ್ನು ಕಾರ್ಖಾನೆ ಯುಗದ ಕಥೆಯಾಗಿ ಕಂಡರು. ಸುಮಾರು 1,900 ಸೀಟಿನ ಯೂರಿಸ್ ಥಿಯೇಟರ್ ಹಿಡಿದರು. ರೋಡ್ ಐಲೆಂಡಿನ ಹಳೇ ಎರಕದ ಕಾರ್ಖಾನೆಯ ನಿಜವಾದ ಕಬ್ಬಿಣ ತಂದು ರಂಗದ ಮೇಲೆ ನಿಲ್ಲಿಸಿದರು. ಬ್ರಾಡ್ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಎಂಟು ಬಂತು. ಕೆಟ್ಟ ನಾಟಕವೇನಲ್ಲ ಅದು. ಆದರೆ ಸೊಂಡ್‌ಹೈಮ್ ಮೊದಲು ಅಂದುಕೊಂಡಿದ್ದ ನಾಟಕ ಅದಾಗಿರಲಿಲ್ಲ. 1989ರಲ್ಲಿ ನ್ಯೂಯಾರ್ಕಿನಲ್ಲೇ ಅದನ್ನು ಚಿಕ್ಕದಾಗಿ ಮಾಡಿದಾಗ ಜನ ತಮಾಷೆಗೆ 'ಟೀನಿ ಟಾಡ್' ಅಂದರು. ನಮ್ಮಲ್ಲಾದರೆ 'ಚೋಟು ಟಾಡ್' ಅನ್ನುತ್ತಿದ್ದರೋ ಏನೋ.

ಈಗ ನನ್ನ ಕಸುಬಿನ ವಿಷಯ. ಹಾಡಿನ ಹಿಂದೆ ವಾದ್ಯಗಳು ಏನೇನು ಮಾಡುತ್ತವೆ? ನಟನಿಗೆ ಶ್ರುತಿ ಹಿಡಿದುಕೊಡುತ್ತವೆ. ಲಯ ಎಳೆದುಕೊಂಡು ಹೋಗುತ್ತವೆ. ಕೆಳಗಿನಿಂದ ಭಾರ ಕೊಡುತ್ತವೆ. ನಟ ಉಸಿರು ತೆಗೆದುಕೊಳ್ಳುವಾಗ ಸಂದು ತುಂಬುತ್ತವೆ. ಕೆಲವು ಸಲ ನಟ ಬಾಯಿಬಿಟ್ಟು ಹೇಳದ್ದನ್ನು ಅವೇ ಹೇಳಿಬಿಡುತ್ತವೆ. 26 ಜನ ಇದ್ದಾಗ ಒಂದೊಂದು ಕೆಲಸಕ್ಕೂ ನಾಲ್ಕೈದು ಕೈ. ಮೂರೇ ಜನ ಇದ್ದಾಗ ಒಬ್ಬೊಬ್ಬರ ಮೇಲೂ ಎರಡು ಮೂರು ಕೆಲಸ ಬೀಳುತ್ತದೆ. ಇಲ್ಲೇ ತೊಡಕು. ಪ್ರತಿ ವಾದ್ಯಕ್ಕೂ ಮಾಡಲಾಗದ ಕೆಲಸ ಒಂದಿರುತ್ತದೆ.

ಪಿಯಾನೋ ನೋಡಿ. ಅದರ ಮನೆ, ಅಂದರೆ ಕೀ, ಒತ್ತಿದ ಕ್ಷಣದಿಂದಲೇ ಅದರ ನಾದ ಸಾಯತೊಡಗುತ್ತದೆ. ಹತ್ತು ಪಿಟೀಲು ಸೇರಿ ಎಳೆದು ಹಿಡಿದಿದ್ದ ಒಂದು ನಾದವನ್ನು ಪಿಯಾನೋಗೆ ಕೊಟ್ಟರೆ ಅದನ್ನು ಹಾಗೇ ಹಿಡಿದಿಡಲು ಆಗುವುದಿಲ್ಲ. ಮತ್ತೆ ಮತ್ತೆ ಬಾರಿಸಬೇಕು, ಇಲ್ಲವೇ ಸ್ವರಗಳನ್ನು ಒಡೆದು ಒಂದರ ಹಿಂದೊಂದು ನುಡಿಸಬೇಕು. ಆಗ ಅದೇ ಜಾಗದ ಭಾವ ಬದಲಾಗುತ್ತದೆ. ನಿಂತ ನೀರಿನಂತಿದ್ದದ್ದು ನಡುಗಲು ಶುರುವಾಗುತ್ತದೆ. ಕ್ಲಾರಿಯೋನೆಟ್ಟಿನ ಕಷ್ಟ ಬೇರೆ. ನುಡಿಸುವವನು ಉಸಿರಾಡಬೇಕು. ಮೂರು ಜನ ಊದುವವರಿದ್ದರೆ ಒಬ್ಬ ಉಸಿರು ತಗೊಳ್ಳುವಾಗ ಇನ್ನಿಬ್ಬರು ಹಿಡಿದಿರುತ್ತಾರೆ. ಒಬ್ಬನೇ ಇದ್ದರೆ ಅವನ ಉಸಿರೂ ಹಾಡಿನ ಭಾಗ. ಹಾಗಾಗಿ ಎಳೆದು ಹಿಡಿಯುವ ಕೆಲಸವೆಲ್ಲ ಪಾಪ ಆ ಒಂಟಿ ಪಿಟೀಲಿನ ಕೊರಳಿಗೆ. ಅದು ತೆಳ್ಳಗೆ, ಸ್ವಲ್ಪ ಕರ್ಕಶವಾಗಿ ಕೇಳುತ್ತದೆ. ಕತ್ತು ಕುಯ್ಯುವ ಕಥೆಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ನಮ್ಮ ಕಂಪನಿ ನಾಟಕಗಳು ಒಂದು ಹಾರ್ಮೋನಿಯಂ, ಒಂದು ತಬಲಾದಲ್ಲಿ ರಾತ್ರಿಯೆಲ್ಲ ನಡೆದದ್ದು ಹೇಗೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ತಿದಿಯಲ್ಲಿ ಗಾಳಿ ಇರುವವರೆಗೂ ಹಾರ್ಮೋನಿಯಂ ನಾದ ಸಾಯುವುದಿಲ್ಲ. ಶ್ರುತಿ, ಮಟ್ಟು, ಸಂದು ತುಂಬುವುದು, ಮೂರನ್ನೂ ಒಂದೇ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಅಂದಹಾಗೆ ನಮ್ಮವರಿಗೂ ದೊಡ್ಡದರ ಹುಚ್ಚು ಕಮ್ಮಿ ಇರಲಿಲ್ಲ. ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆ ರಂಗದ ಮೇಲೆ ಬರುತ್ತಿದ್ದವು. ಅದೇ ಕಂಪನಿಯಲ್ಲಿ ಹುಡುಗನಾಗಿದ್ದ ಬಿ.ವಿ. ಕಾರಂತರು ದೊಡ್ಡವರಾಗಿ ಶ್ರೀರಂಗರ 'ಸತ್ತವರ ನೆರಳು' ಮಾಡಿಸಿದಾಗ ದಾಸರ ಮೇಳವನ್ನು ರಂಗದ ಮೇಲೇ ನಿಲ್ಲಿಸಿ ಹಾಡಿಸಿದರು. ನಟ ಬೇರೆ, ಹಿಮ್ಮೇಳ ಬೇರೆ ಅನ್ನುವ ಗೆರೆ ಅಲ್ಲಿ ಅಳಿಸಿಹೋಗಿತ್ತು.

ಆ ಗೆರೆಯನ್ನು 'ಸ್ವೀನಿ ಟಾಡ್'ನಲ್ಲಿ ಅಳಿಸಿದವರು ನಿರ್ದೇಶಕ ಜಾನ್ ಡಾಯ್ಲ್. ಇಂಗ್ಲೆಂಡಿನ ನ್ಯೂಬರಿ ಹತ್ತಿರ ಹಳೇ ನೀರಿನ ಗಿರಣಿಯೊಂದನ್ನು ಥಿಯೇಟರ್ ಮಾಡಿದ್ದಾರೆ, ಹೆಸರೇ ವಾಟರ್‌ಮಿಲ್. ಸುಮಾರು 220 ಸೀಟು. ಅಷ್ಟು ಟಿಕೆಟ್ಟಿನ ದುಡ್ಡಲ್ಲಿ ನಟರಿಗೂ ಆರ್ಕೆಸ್ಟ್ರಾಗೂ ಸಂಬಳ ಕೊಡುವುದು ಆಗದ ಮಾತು. ಅದಕ್ಕೆ 2004ರಲ್ಲಿ ಡಾಯ್ಲ್ ಅಲ್ಲಿ ನಟರ ಕೈಗೇ ವಾದ್ಯ ಕೊಟ್ಟರು. ಸಾರಾ ಟ್ರಾವಿಸ್ ಇಡೀ ಸಂಗೀತವನ್ನು ಅದಕ್ಕೆ ತಕ್ಕಂತೆ ಹೊಸದಾಗಿ ಹಂಚಿದರು. ಮುಂದಿನ ವರ್ಷ ಅದು ಬ್ರಾಡ್ವೇಗೆ ಹೋಯಿತು. ಹತ್ತು ಜನ ನಟರು, ರಂಗದ ಮುಂದೆ ವಾದ್ಯದವರು ಕೂರುವ ಪಿಟ್ಟಿನಲ್ಲಿ ಯಾರೂ ಇಲ್ಲ, ಕಡ್ಡಿ ಆಡಿಸುವ ಕಂಡಕ್ಟರ್ ಇಲ್ಲ. ಮಿಸೆಸ್ ಲವೆಟ್ ಆಗಿದ್ದ ಪ್ಯಾಟಿ ಲುಪೋನ್ ಟ್ಯೂಬಾ ಅನ್ನುವ ದೊಡ್ಡ ಹಿತ್ತಾಳೆ ಕೊಂಬು ಊದಿದರು. ಪ್ರೇಮಿಗಳಿಬ್ಬರ ಕೈಯಲ್ಲೂ ಚೆಲ್ಲೋ, ಅಂದರೆ ದೊಡ್ಡ ಪಿಟೀಲು. ಡಾಯ್ಲ್, ಟ್ರಾವಿಸ್ ಇಬ್ಬರಿಗೂ 2006ರಲ್ಲಿ ಟೋನಿ ಸಿಕ್ಕಿತು.

ಅದರ ಒಂದು ವಿವರವನ್ನು ನಾನು ಪ್ರತಿ ಶಿಬಿರದಲ್ಲೂ ಹೇಳುತ್ತೇನೆ. ಈ ನಾಟಕದಲ್ಲಿ ಒಬ್ಬರ ಹಿಂದೊಬ್ಬರು ಸಾಯುತ್ತಾರೆ. ಸತ್ತವನು ಒಳಗೆ ಹೋಗಿ ಟೀ ಕುಡಿಯಬಹುದು, ಅಲ್ವಾ? ಇಲ್ಲಿ ಆಗುವುದಿಲ್ಲ. ಅವನು ಹೋದರೆ ಅವನ ವಾದ್ಯವೂ ಹೋಯಿತು. ಹಾಗಾಗಿ ಕತ್ತು ಕುಯ್ದಾಗ ಸೀಟಿ ಕಿರುಚುತ್ತದೆ, ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ರಕ್ತ ಸುರಿಯುತ್ತಾರೆ, ಸತ್ತವನು ರಕ್ತದ ಕಲೆಯಿರುವ ಬಿಳಿ ಕೋಟು ತೊಟ್ಟುಕೊಂಡು ಬಂದು ಮತ್ತೆ ನುಡಿಸಲು ಶುರುಮಾಡುತ್ತಾನೆ. ಕೊನೆಕೊನೆಗೆ ಸತ್ತವರೇ ಕೂತು ಬದುಕಿರುವವರಿಗೆ ಸಂಗೀತ ಕೊಡುತ್ತಿರುತ್ತಾರೆ. ದುಡ್ಡಿಲ್ಲದ ತಾಪತ್ರಯದಿಂದ ಹುಟ್ಟಿದ್ದು ಇದು. ಲಕ್ಷಗಟ್ಟಲೆ ಸುರಿದರೂ ಇಂಥದ್ದು ಹೊಳೆಯುವುದು ಕಷ್ಟ.

ಕಂಡಕ್ಟರ್ ಇಲ್ಲದಿದ್ದರೆ ಎತ್ತುಗಡೆ, ಅಂದರೆ ಹಾಡು ಶುರುಮಾಡುವ ಸೂಚನೆ, ಕೊಡುವವರು ಯಾರು? ಎದುರಿಗಿರುವ ನಟನೇ. ಅವನು ಉಸಿರೆಳೆದದ್ದು ನಿನಗೆ ಗೊತ್ತಾಗಬೇಕು, ಇಲ್ಲದಿದ್ದರೆ ಹಾಡು ಶುರುವಾಗುವುದಿಲ್ಲ. ನಟರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದಿಲ್ಲ ಅಂತ ನಿರ್ದೇಶಕರು ಗೊಣಗುತ್ತಿರುತ್ತಾರೆ. ಹೀಗೆ ಕಟ್ಟಿಹಾಕಿದರೆ ಕೇಳಿಸಿಕೊಳ್ಳದೆ ವಿಧಿಯೇ ಇಲ್ಲ.

ನಾನು ನೋಡಿದ ಮೂರು ವಾದ್ಯದ ಪ್ರಯೋಗದ ಮೂಲ ಇನ್ನೂ ಚಿಕ್ಕದು. 2014ರಲ್ಲಿ ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿ ಹ್ಯಾರಿಂಗ್ಟನ್ಸ್ ಅನ್ನುವ ನಿಜವಾದ ಪೈ ಅಂಗಡಿಯೊಳಗೆ ಅದನ್ನು ಆಡಿದ್ದರು. 1908ರ ಅಂಗಡಿ. ನಿರ್ದೇಶಕ ಬಿಲ್ ಬಕ್‌ಹರ್ಸ್ಟ್, ಎಂಟು ಜನ ನಟರು, ನೋಡುವವರು 32 ಜನ. ಜನ ಮುಗಿಬಿದ್ದರು. ಆಮೇಲೆ ಅದೇ ಅಂಗಡಿಯ ಪಡಿಯಚ್ಚನ್ನು ಮೊದಲು ಲಂಡನ್ನಿನ ಥಿಯೇಟರುಗಳ ಪ್ರದೇಶವಾದ ವೆಸ್ಟ್ ಎಂಡ್‌ನಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ ಕಟ್ಟಿದರು. ಇಲ್ಲಿ ಒಂದು ಚೂರು ನಗು ಬರುತ್ತದೆ. ಬಡತನಕ್ಕೂ ಸೆಟ್ ಹಾಕಬೇಕಾಗಿ ಬಂತು.

ಆದರೂ ಲಾಭ ಒಂದಿತ್ತು. ಸೊಂಡ್‌ಹೈಮ್ ಪದಗಳ ಮನುಷ್ಯ. ಮೊದಲ ಅಂಕದ ಕೊನೆಗೆ ಟಾಡ್ ಮತ್ತು ಲವೆಟ್ ಯಾವ ಕಸುಬಿನವರ ಪೈ ಹೇಗಿರಬಹುದು ಅಂತ ಪ್ರಾಸದ ಮೇಲೆ ಪ್ರಾಸ ಕಟ್ಟಿ ಹಾಡುತ್ತಾರೆ. 26 ವಾದ್ಯದ ಎದುರು ಇದನ್ನು ಹಾಡಬೇಕಾದರೆ ಗಂಟಲು ಏರಿಸಬೇಕು. ಇಲ್ಲಿ ಅವಳು ನನ್ನ ತಟ್ಟೆಯ ಪಕ್ಕ ನಿಂತು, ಗುಟ್ಟು ಹೇಳುವಷ್ಟೇ ದನಿಯಲ್ಲಿ ಹಾಡಿದಳು. ಒಂದು ಪದವೂ ತಪ್ಪಲಿಲ್ಲ. ನಾನು ತರಕಾರಿ ಪೈಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆ.

ಕಳಕೊಂಡದ್ದೂ ಇದೆ. ಗುಂಪು ಹಾಡಿದಾಗ ಇಡೀ ಊರೇ ಎದ್ದುಬಂದ ಹಾಗೆ ಎದೆಗೆ ಗುದ್ದುವ ಶಬ್ದ ಇರಲಿಲ್ಲ. ಎಂಟು ಜನ ಎಷ್ಟೇ ಕೂಗಿದರೂ ಲಂಡನ್ ಆಗುವುದಿಲ್ಲ. 2023ರಲ್ಲಿ ಬ್ರಾಡ್ವೇಯಲ್ಲಿ ಟ್ಯೂನಿಕ್ ಅವರ ಆ 26 ಜನರ ಆರ್ಕೆಸ್ಟ್ರಾವನ್ನೇ ಮತ್ತೆ ತಂದರು. ಅದಕ್ಕೂ ಜನ ಹೋದರು. ಚಿಕ್ಕದೇ ಮೇಲು ಅಂತ ನಾನು ಹಟ ಹಿಡಿಯುವುದಿಲ್ಲ.

ನನ್ನ ತಕರಾರು ಟ್ರ್ಯಾಕ್ ಮೇಲೆ, ಮೊದಲೇ ರೆಕಾರ್ಡ್ ಮಾಡಿಟ್ಟ ಸಂಗೀತದ ಮೇಲೆ. ನಮ್ಮಲ್ಲಿ ಸರಳವಾಗಿ ಮಾಡೋಣ ಅಂದರೆ ಬಹಳ ಸಲ ವಾದ್ಯದವರನ್ನು ಬಿಟ್ಟು ಪೆನ್‌ಡ್ರೈವ್ ಹಾಕುವುದು ಅಂತ ಅರ್ಥ. ನಾನೂ ಮಾಡಿದ್ದೇನೆ. ಒಂದು ತಂಡಕ್ಕೆ ಹಳೇ ಕಂಪನಿ ನಾಟಕವೊಂದರ ಹಾಡುಗಳನ್ನು ರೆಕಾರ್ಡ್ ಮಾಡಿಕೊಟ್ಟಿದ್ದೆ. ಎರಡನೇ ಪ್ರದರ್ಶನದಲ್ಲಿ ನಾಯಕಿಗೆ ಅಳು ನಿಜವಾಗಿಯೇ ಬಂತು. ಚರಣ ಎತ್ತಲು ಎರಡು ಕ್ಷಣ ತಡ. ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಇದ್ದಿದ್ದರೆ ಸುಮ್ನೆ ಒಂದು ಸುತ್ತು ಜಾಸ್ತಿ ನುಡಿಸಿ ಕಾಯುತ್ತಿದ್ದರು. ಟ್ರ್ಯಾಕ್ ಕಾಯಲಿಲ್ಲ. ಅವಳು ಅಳು ನುಂಗಿಕೊಂಡು ಓಡಿ ಹಾಡನ್ನು ಹಿಡಿದಳು. ಆವತ್ತಿನ ಒಳ್ಳೆಯ ಕ್ಷಣವನ್ನು ನಾನೇ ಸಾಯಿಸಿದ್ದೆ.

ಈಗ ಅದೇ ನಾಟಕವನ್ನು ಮತ್ತೆ ಮಾಡುತ್ತಿದ್ದೇವೆ. ಏಳು ಜನ ನಟರು, ಒಂದು ಹಾರ್ಮೋನಿಯಂ, ಕೈಯಲ್ಲಿ ಹಿಡಿದು ಬಾರಿಸುವ ಒಂದು ದಮ್ಮಡಿ, ಟ್ರ್ಯಾಕ್ ಇಲ್ಲ. ದಮ್ಮಡಿ ನುಡಿಸುವ ಹುಡುಗನ ಪಾತ್ರ ಮಧ್ಯಂತರಕ್ಕೆ ಮುಂಚೆಯೇ ಸಾಯುತ್ತದೆ. ಮೊನ್ನೆ ತಾಲೀಮಿನಲ್ಲಿ ಅವನು ನೆಲದ ಮೇಲೆ ಮಲಗಿದ್ದವನು ತಲೆ ಎತ್ತಿ, "ಸಾರ್, ಸತ್ತ ಮೇಲೂ ನಾನೇ ಬಾರಿಸಬೇಕಾ?" ಅಂದ. ಬಾರಿಸಬೇಕು ಅಂದೆ. ಎಲ್ಲಿ ಕೂತು ಬಾರಿಸಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.