ಬೈಕಿಗೆ ಮೊಬೈಲ್ ಹೋಲ್ಡರ್ ಹಾಕಿದರೆ ಫೋನಿನ ಕ್ಯಾಮೆರಾ ಹಾಳಾಗುತ್ತಾ?

ಓದುಗರ ಪ್ರಶ್ನೆ: ನನ್ನ ಹತ್ತಿರ 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ಇದೆ. ಹಾಸನದಿಂದ ಬೆಂಗಳೂರಿಗೆ, ಆಗಾಗ ಘಟ್ಟ ಇಳಿದು ಮಂಗಳೂರು, ಸುಬ್ರಹ್ಮಣ್ಯದ ಕಡೆಗೆ ಓಡಾಡುತ್ತೇನೆ. ದಾರಿ ನೋಡೋಕೆ ಮೊಬೈಲ್ ಹೋಲ್ಡರ್ ಹಾಕಿಸಬೇಕು ಅಂತಿದ್ದೇನೆ. ಮುನ್ನೂರು ರೂಪಾಯಿಗೂ ಸಿಗುತ್ತೆ, ಮೂರು ಸಾವಿರಕ್ಕೂ ಸಿಗುತ್ತೆ. ಬೈಕಿಗೆ ಸಿಕ್ಕಿಸಿದರೆ ಕ್ಯಾಮೆರಾ ಕೆಟ್ಟುಹೋಗುತ್ತೆ ಅಂತ ಗೆಳೆಯರೊಬ್ಬರು ಹೆದರಿಸಿದ್ದಾರೆ. ನಿಜವಾ? ಯಾವುದನ್ನು ತಗೊಳ್ಳಲಿ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. ಎಲ್ಲ ಫೋನಿಗೂ ಹಾಗಾಗುವುದಿಲ್ಲ, ಎಲ್ಲ ಬೈಕಿನಲ್ಲೂ ಆಗುವುದಿಲ್ಲ. ಆದರೆ ನಿಮ್ಮದು ಹ್ಯಾಂಡಲ್ ಚೆನ್ನಾಗಿ ನಡುಗುವ ಬೈಕು. ಹಾಗಾಗಿ ಯಾವ ಹೋಲ್ಡರ್ ಅನ್ನುವುದಕ್ಕಿಂತ ಮುಂಚೆ ಅದರಲ್ಲಿ ಯಾವ ಫೋನ್ ಇಡುತ್ತೀರಿ ಅನ್ನುವುದನ್ನು ತೀರ್ಮಾನ ಮಾಡಿ. ಅಂಗಡಿಯಲ್ಲಿ ಎಲ್ಲರೂ ಹಿಡಿತವನ್ನೇ ತೋರಿಸುತ್ತಾರೆ, ಫೋನ್ ಸಿಕ್ಕಿಸಿ ಎಳೆದು ಅಲ್ಲಾಡಿಸಿ ನಂಬಿಸುತ್ತಾರೆ. ಫೋನ್ ಬೀಳಬಾರದು, ಸರಿ. ಆದರೆ ಬೀಳದಂತೆ ಬಿಗಿಯಾಗಿ ಕೂತ ಫೋನಿಗೇ ಎಂಜಿನ್ನಿನ ಅದುರಾಟ ಪೂರ್ತಿ ತಲುಪುವುದು.

ಕೆಡುವುದು ಏನು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಈಗ ಮಧ್ಯಮ ಬೆಲೆಯ ಎಷ್ಟೋ ಫೋನುಗಳ ಮುಖ್ಯ ಕ್ಯಾಮೆರಾದಲ್ಲಿ ಒಐಎಸ್ (ಆಪ್ಟಿಕಲ್ ಇಮೇಜ್ ಸ್ಟೆಬಿಲೈಸೇಶನ್) ಇರುತ್ತದೆ. ಫೋಟೊ ತೆಗೆಯುವಾಗ ಕೈ ನಡುಗಿದರೂ ಚಿತ್ರ ಮಸುಕಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದಕ್ಕಾಗಿ ಲೆನ್ಸನ್ನು, ಕೆಲವು ಫೋನುಗಳಲ್ಲಿ ಲೆನ್ಸಿನ ಹಿಂದಿನ ಸೆನ್ಸರನ್ನು, ಬಹಳ ಸಣ್ಣ ಸ್ಪ್ರಿಂಗುಗಳಲ್ಲಿ ತೊಟ್ಟಿಲಿನಂತೆ ತೂಗುಬಿಟ್ಟಿರುತ್ತಾರೆ. ಸುತ್ತ ಪುಟ್ಟ ಅಯಸ್ಕಾಂತಗಳು, ತಂತಿಯ ಸುರುಳಿಗಳು. ಕೈ ಎಡಕ್ಕೆ ಅಲುಗಿತು ಅಂತ ಫೋನಿನೊಳಗೆ ಅಲುಗಾಟ ಅಳೆಯುವ ಗೈರೊಸ್ಕೋಪ್ ತಿಳಿಸಿದ ಕೂಡಲೇ ಸುರುಳಿಗಳಲ್ಲಿ ಕರೆಂಟ್ ಹರಿದು ಲೆನ್ಸು ಬಲಕ್ಕೆ ಸರಿಯುತ್ತದೆ. ಒಐಎಸ್ ಇರುವ ಫೋನನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನುವುದು ಕೇಳಿಸುತ್ತದಲ್ಲ, ಅದು ಈ ತೂಗುವ ಭಾಗದ ಸದ್ದು. ಅದು ದೋಷವಲ್ಲ.

ಇದನ್ನು ಮಾಡಿರುವುದು ಮನುಷ್ಯರ ಕೈ ನಡುಕಕ್ಕೆ. ಎಂಜಿನ್ನಿನ ನಡುಕವೇ ಬೇರೆ. ಎಂಜಿನ್ ನಿಮಿಷಕ್ಕೆ 3,600 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಪಿಸ್ಟನ್ ಸೆಕೆಂಡಿಗೆ 60 ಸಲ ಮೇಲೆ ಕೆಳಗೆ ಹೋಗಿ ಬರುತ್ತದೆ, ಹ್ಯಾಂಡಲ್ಲೂ ಸೆಕೆಂಡಿಗೆ 60 ಸಲ ಅದುರುತ್ತದೆ. ಒಂದು ಗಂಟೆಯ ಓಟಕ್ಕೆ 2,16,000 ಸಲ. ಅಷ್ಟೂ ಪೆಟ್ಟು ಆ ಸಣ್ಣ ಸ್ಪ್ರಿಂಗುಗಳ ಮೇಲೆ. ಒಂದೇ ದಿನದಲ್ಲಿ ಏನೂ ಆಗದಿರಬಹುದು. ತಿಂಗಳುಗಟ್ಟಲೆ ಓಡಿಸಿದ ಮೇಲೆ ಲೆನ್ಸು ತನ್ನ ಜಾಗದಲ್ಲಿ ಸರಿಯಾಗಿ ನಿಲ್ಲದ ಸ್ಥಿತಿ ಬರಬಹುದು. ಆ್ಯಪಲ್ ಕಂಪನಿ 2021ರ ಸೆಪ್ಟೆಂಬರಿನಲ್ಲಿ ತನ್ನ ಗ್ರಾಹಕರಿಗೆ ಇದನ್ನೇ ಬರೆದು ತಿಳಿಸಿತು: ಹೆಚ್ಚು ಶಕ್ತಿಯ ಮೋಟಾರ್‌ಸೈಕಲ್ಲುಗಳಿಗೆ ಐಫೋನ್ ಸಿಕ್ಕಿಸಬೇಡಿ, ಸ್ಕೂಟರ್, ಮೊಪೆಡ್‌ಗಳಿಗಾದರೆ ಅದುರಾಟ ತಗ್ಗಿಸುವ ಹೋಲ್ಡರ್ ಬಳಸಿ, ಆಗಲೂ ತುಂಬಾ ಹೊತ್ತು ಬೇಡ. ಐಫೋನ್ ಹೆಸರಿನಲ್ಲಿ ಬಂದ ಮಾತಾದರೂ ಒಐಎಸ್ ಇರುವ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಇದೇ ಬಗೆಯ ತೂಗುವ ಲೆನ್ಸು.

ಎಲ್ಲ ಬೈಕೂ ಒಂದೇ ಥರ ನಡುಗುವುದಿಲ್ಲ. ನಿಮ್ಮ 2014ರ ಎಂಜಿನ್ನಿನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇಲ್ಲ. ಪಿಸ್ಟನ್ನಿನ ಹೊಡೆತಕ್ಕೆ ಎದುರಾಗಿ ತಿರುಗಿ ಅದನ್ನು ತಗ್ಗಿಸುವ ಭಾಗ ಅದು. 2020ರಲ್ಲಿ ಅದೇ ಕಂಪನಿಯ ಮೀಟಿಯರ್ ಬೈಕಿನ ಜೊತೆಗೆ ಬಂದ ಹೊಸ 350 ಎಂಜಿನ್ನಿನಲ್ಲಿ ಅದಿದೆ, ಓಡಿಸಿದವರಿಗೆ ವ್ಯತ್ಯಾಸ ಅಂಗೈಯಲ್ಲೇ ಗೊತ್ತಾಗುತ್ತದೆ. ಹಾಗಂತ ಹೊಸ 350 ಇರುವವರು ನಿಶ್ಚಿಂತೆಯಿಂದ ಇರಬಹುದು ಅಂತಲ್ಲ, ಸಿಂಗಲ್ ಸಿಲಿಂಡರ್ ಬೈಕು ಯಾವುದಾದರೂ ಸ್ವಲ್ಪ ನಡುಗಿಯೇ ನಡುಗುತ್ತದೆ.

ಈಗಾಗಲೇ ಬೈಕಿನ ಮೇಲೆ ಫೋನ್ ಇಟ್ಟು ಓಡಾಡಿದವರು ಹೀಗೆ ಪರೀಕ್ಷೆ ಮಾಡಿ. ಮುಖ್ಯ ಕ್ಯಾಮೆರಾ ತೆರೆದು ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹಿಡಿಯಿರಿ. ಫೋನನ್ನು ಮೇಜಿಗೆ ಒರಗಿಸಿ ಕೈ ಬಿಡಿ. ಅಕ್ಷರಗಳು ಸ್ಥಿರವಾಗಿ ನಿಲ್ಲಬೇಕು. ಚಿತ್ರ ನೀರಿನ ಮೇಲಿನ ಬಿಂಬದ ಹಾಗೆ ಅದುರುತ್ತಿದ್ದರೆ, ಫೋಕಸ್ ಹಿಡಿದು ಬಿಟ್ಟು ಮಾಡುತ್ತಿದ್ದರೆ, ಕ್ಯಾಮೆರಾ ತೆರೆದಾಗೆಲ್ಲ ಸಣ್ಣಗೆ ಗುಂಯ್ ಅನ್ನುತ್ತಿದ್ದರೆ ಒಐಎಸ್ ಏಟು ತಿಂದಿರುವ ಸಾಧ್ಯತೆ ಹೆಚ್ಚು. ಹೋಲ್ಡರ್ ಬದಲಾಯಿಸಿದರೆ ಅದು ಸರಿಹೋಗುವುದಿಲ್ಲ, ಕ್ಯಾಮೆರಾ ಮಾಡ್ಯೂಲನ್ನೇ ಹಾಕಿಸಬೇಕಾಗುತ್ತದೆ.

ನಿಮಗೆ ನನ್ನ ಮೊದಲ ಸಲಹೆ, ಮನೆಯಲ್ಲಿ ಹಳೆಯ ಫೋನ್ ಇದ್ದರೆ ಅದನ್ನೇ ಬೈಕಿಗೆ ಮೀಸಲಿಡಿ. ಡ್ರಾಯರಿನಲ್ಲಿ ಬಿದ್ದಿರುವ ಒಐಎಸ್ ಇಲ್ಲದ ಫೋನು ಈ ಕೆಲಸಕ್ಕೆ ಧಾರಾಳ ಸಾಕು. ಜಿಪಿಎಸ್ ಸರಿಯಾಗಿ ಹಿಡಿಯಬೇಕು, ಪರದೆ ಬಿಸಿಲಿನಲ್ಲಿ ಕಾಣುವಷ್ಟು ಬೆಳಗಬೇಕು, ಬ್ಯಾಟರಿ ಉಬ್ಬಿರಬಾರದು, ಅಷ್ಟೇ. ಸಿಮ್ ಕೂಡ ಬೇಡ, ಜೇಬಿನಲ್ಲಿರುವ ಫೋನಿನ ಹಾಟ್‌ಸ್ಪಾಟ್ ಕೊಡಿ, ಹೊರಡುವ ಮುಂಚೆ ಆ ಪ್ರದೇಶದ ಗೂಗಲ್ ಮ್ಯಾಪನ್ನು ಆಫ್‌ಲೈನಿಗೆ ಇಳಿಸಿಕೊಳ್ಳಿ. ಶಿರಾಡಿ, ಚಾರ್ಮಾಡಿ ಘಟ್ಟಗಳಲ್ಲಿ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ಆಗ ಇಳಿಸಿಕೊಂಡ ಮ್ಯಾಪೇ ಗತಿ. ಇನ್ನೊಂದು ದೊಡ್ಡ ಲಾಭವೆಂದರೆ ಬಿದ್ದಾಗ, ಎಡವಟ್ಟಾದಾಗ ಸಹಾಯಕ್ಕೆ ಕರೆ ಮಾಡಬೇಕಾದ ಫೋನ್ ನಿಮ್ಮ ಮೈಮೇಲೆ ಇರುತ್ತದೆ, ಹ್ಯಾಂಡಲ್ ಮೇಲೆ ಚೂರಾಗಿರುವುದಿಲ್ಲ. ಇದೊಂದೇ ಕಾರಣಕ್ಕಾದರೂ ಎರಡು ಫೋನಿನ ವ್ಯವಸ್ಥೆ ನನಗೆ ಬಹಳ ಇಷ್ಟ.

ಹಳೆಯ ಫೋನ್ ಇಲ್ಲ, ಇರುವ ಒಂದನ್ನೇ ಇಡಬೇಕು ಅನ್ನುವವರಿಗೆ ಡ್ಯಾಂಪರ್ ಇರುವ ಹೋಲ್ಡರ್ ಬೇಕೇ ಬೇಕು. ಫೋನು ಕೂರುವ ತಟ್ಟೆಗೂ ಹ್ಯಾಂಡಲ್ಲಿಗೆ ಬಿಗಿಯುವ ಕ್ಲಾಂಪಿಗೂ ನಡುವೆ ಸಿಲಿಕೋನ್ ಅಥವಾ ರಬ್ಬರ್ ಬುಷ್‌ಗಳಿರುವ ಭಾಗವೇ ಡ್ಯಾಂಪರ್. ಕ್ವಾಡ್ ಲಾಕ್‌ನಂಥ ಕಂಪನಿಗಳು ಇದನ್ನು ಬೇರೆ ಭಾಗವಾಗಿ ಮಾರುತ್ತವೆ, ನಮ್ಮಲ್ಲಿ ಬೋಬೋದಂಥ ಬ್ರ್ಯಾಂಡುಗಳಲ್ಲೂ ಡ್ಯಾಂಪರ್ ಸಿಗುತ್ತದೆ. ಬುಷ್ ಮೆತ್ತಗಿದ್ದಷ್ಟೂ ಎಂಜಿನ್ನಿನ ವೇಗದ ಅದುರಾಟ ಮೇಲಕ್ಕೆ ದಾಟುವುದಿಲ್ಲ. ಆದರೆ ಗುಂಡಿ, ಹಂಪ್ ಸಿಕ್ಕಾಗ ಫೋನು ಮೊದಲಿಗಿಂತ ಹೆಚ್ಚು ಓಲಾಡುತ್ತದೆ. ನೋಡಿದವರು ಹೋಲ್ಡರ್ ಸಡಿಲವಾಗಿದೆ ಅಂದುಕೊಂಡು ಇನ್ನಷ್ಟು ಬಿಗಿಯಲು ಹೋಗುತ್ತಾರೆ. ಬಿಗಿಯಬೇಡಿ, ಹಾಗೆ ಓಲಾಡುವುದೇ ಅದರ ಕೆಲಸ. ಕ್ಯಾಮೆರಾವನ್ನು ಕೆಡಿಸುವುದು ಮುಖ್ಯವಾಗಿ ಗಂಟೆಗಟ್ಟಲೆ ಬಿಡದೆ ಬರುವ ಸಣ್ಣ ಅದುರಾಟ.

ಅಂಗಡಿಯಲ್ಲಿ ಡ್ಯಾಂಪರ್ ಅಂತ ಕೊಟ್ಟರೆ ತಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ. ನಾಲ್ಕೂ ದಿಕ್ಕಿಗೆ ಒಂದೆರಡು ಮಿಲಿಮೀಟರ್ ಬಾಗಿ ತಾನಾಗಿ ವಾಪಸ್ ಬರಬೇಕು. ಕಲ್ಲಿನ ಹಾಗೆ ನಿಂತರೆ ಅದು ನೋಟಕ್ಕೆ ಅಂಟಿಸಿದ ರಬ್ಬರು. ಕ್ಲಾಂಪಿನ ಒಳಗಡೆ ತೆಳು ರಬ್ಬರ್ ಪಟ್ಟಿ ಇದ್ದ ಮಾತ್ರಕ್ಕೆ ಡ್ಯಾಂಪರ್ ಆಗುವುದಿಲ್ಲ, ಅದು ಹ್ಯಾಂಡಲ್ ಗೀರದಿರಲಿ, ಜಾರದಿರಲಿ ಅಂತ ಕೊಟ್ಟದ್ದು. ಡ್ಯಾಂಪರ್ ಹಾಕಿದರೂ ಅದುರಾಟ ಕಡಿಮೆಯಾಗುತ್ತದೆಯೇ ಹೊರತು ಪೂರಾ ನಿಲ್ಲುವುದಿಲ್ಲ. ಹೊಸದಾಗಿ ಕೊಂಡ ದುಬಾರಿ ಫೋನನ್ನು ನಿಮ್ಮ ಬೈಕಿನ ಹ್ಯಾಂಡಲ್ಲಿಗೆ ನಾನಂತೂ ಡ್ಯಾಂಪರ್ ನಂಬಿಕೊಂಡೂ ಸಿಕ್ಕಿಸಲಾರೆ.

ಇನ್ನು ಹಿಡಿತದ ಮಾತು. ಮುನ್ನೂರು ರೂಪಾಯಿಯ ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಮೊದಲು ಸೋಲುವುದು ಮಧ್ಯದ ಗುಂಡುಕೀಲು. ತಟ್ಟೆಯನ್ನು ಬೇಕಾದ ಕಡೆಗೆ ತಿರುಗಿಸಲು ಇರುವ ಆ ಚೆಂಡು ಸವೆದು, ಒಂದು ದೊಡ್ಡ ಹಂಪ್ ಹಾರಿದ ಕೂಡಲೇ ಫೋನು ತಲೆ ಬಾಗಿಸಿಬಿಡುತ್ತದೆ. ಕ್ಲಾಂಪು, ಚೆಂಡು ಎರಡೂ ಲೋಹದ್ದಾಗಿರಲಿ, ಬಿಗಿಯುವುದು ಕೈತಿರುಪಿನ ಬದಲು ಅಲನ್ ಕೀ (ಆರು ಮೂಲೆಯ ಸಣ್ಣ ಕೀ) ಹಾಕಿ ತಿರುಗಿಸುವ ಬೋಲ್ಟಿನಿಂದ ಆಗಿರಲಿ. ಹ್ಯಾಂಡಲ್ಲಿನ ದಪ್ಪ ಅಳೆದುಕೊಂಡು ಹೋಗಿ. ನಿಮ್ಮದು 22 ಮಿಲಿಮೀಟರ್, ನಮ್ಮ ಹೆಚ್ಚಿನ ಬೈಕುಗಳದ್ದೂ ಅಷ್ಟೇ, ಕೆಲವು ಅಡ್ವೆಂಚರ್ ಬೈಕುಗಳಲ್ಲಿ ನಡುಭಾಗ 28 ಇರುತ್ತದೆ. ನಾಲ್ಕು ಮೂಲೆ ಹಿಡಿಯುವ ಹೋಲ್ಡರಾದರೆ ಮೇಲೊಂದು ರಬ್ಬರ್ ಜಾಲವೂ ಇರಲಿ. ಅಕ್ಕಪಕ್ಕದಿಂದ ಅಮುಕುವ ಹೋಲ್ಡರಾದರೆ ದವಡೆ ಎಲ್ಲಿ ಬರುತ್ತದೆ ಅನ್ನುವುದನ್ನು ನಿಮ್ಮದೇ ಫೋನ್ ಇಟ್ಟು ನೋಡಿ. ಐಫೋನಿನಲ್ಲಿ ಎಡಬಲದ ಬಟನ್ನುಗಳು ಒಟ್ಟಿಗೆ ಅದುಮಿಕೊಂಡರೆ ತುರ್ತು ಕರೆಯೇ ಹೊರಟುಬಿಡಬಹುದು. ಬರೀ ಅಯಸ್ಕಾಂತದ ಮೇಲೆ ನಿಲ್ಲುವ ಕಾರಿನ ಹೋಲ್ಡರುಗಳು ಬೈಕಿಗೆ ಬೇಡ.

ಎಲ್ಲಿ ಹಾಕಿಸಬೇಕು ಅನ್ನುವುದೂ ಅಷ್ಟೇ ಮುಖ್ಯ. ಹ್ಯಾಂಡಲ್ಲು ಅತಿ ಹೆಚ್ಚು ಅದುರುವುದು ತುದಿಗಳಲ್ಲಿ, ಕಡಿಮೆ ಅದುರುವುದು ಬೈಕಿಗೆ ಬಿಗಿದಿರುವ ನಡುಭಾಗದಲ್ಲಿ. ಆದಷ್ಟು ನಡುವಿಗೆ ತನ್ನಿ. ಮಿರರ್ ಕಡ್ಡಿಗೆ ಹಾಕುವುದು ಬೈಕಿನಲ್ಲಿ ಕೊನೆಯ ಆಯ್ಕೆ. ಸ್ಕೂಟರಿನಲ್ಲಿ ಹ್ಯಾಂಡಲ್ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿರುವುದರಿಂದ ಮಿರರ್ ಬಿಟ್ಟರೆ ಬೇರೆ ದಾರಿಯಿಲ್ಲ, ಅಲ್ಲಿ ಫೋನಿನ ಭಾರಕ್ಕೆ ಮಿರರ್ ತಿರುಗಿಬಿಡದಂತೆ ಕೆಳಗಿನ ಲಾಕ್ ನಟ್ಟನ್ನು ಸ್ಪ್ಯಾನರ್ ಹಾಕಿ ಬಿಗಿಸಿ. ಹೋಲ್ಡರ್ ಕೂರಿಸಿದ ಮೇಲೆ ಹ್ಯಾಂಡಲ್ಲನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಿ ನೋಡಿ. ಫೋನು ಟ್ಯಾಂಕಿಗೆ ತಾಗಬಾರದು, ಕ್ಲಚ್ ಕೇಬಲ್ಲು, ಚಾರ್ಜರ್ ವೈರು ಎಳೆಯಬಾರದು, ಮೀಟರು ಮುಚ್ಚಿಹೋಗಬಾರದು.

ಬಿಸಿಲು, ಮಳೆ ಎರಡೂ ಫೋನಿಗೆ ಆಗಿಬರುವುದಿಲ್ಲ. ಐಫೋನಿಗೆ ಆ್ಯಪಲ್ ಹೇಳಿರುವ ಮಿತಿ 35 ಡಿಗ್ರಿ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆ ಹೊರಟವರಿಗೆ ನೇರ ಬಿಸಿಲಿನಲ್ಲಿ ಪರದೆ ತಾನಾಗಿ ಮಂಕಾಗುವುದು, ಚಾರ್ಜಿಂಗ್ ನಿಲ್ಲುವುದು ಸಾಮಾನ್ಯ. ವೈರ್‌ಲೆಸ್ ಚಾರ್ಜರ್ ಇರುವ ಹೋಲ್ಡರ್ ಈ ಕಾವನ್ನು ಇನ್ನೂ ಏರಿಸುತ್ತದೆ, ವೈರಿನ ಚಾರ್ಜರೇ ವಾಸಿ. ಅದನ್ನು ಕೀ ಆಫ್ ಮಾಡಿದಾಗ ಕರೆಂಟ್ ನಿಲ್ಲುವಂತೆ, ನಡುವೆ ಫ್ಯೂಸ್ ಇರುವಂತೆ ಹಾಕಿಸಿ. ಮಳೆಗಾಲದಲ್ಲಿ ಹನಿ ಬಿದ್ದಲ್ಲೆಲ್ಲ ಬೆರಳು ಮುಟ್ಟಿತು ಅಂತ ಪರದೆ ತಿಳಿದುಕೊಳ್ಳುತ್ತದೆ, ಮ್ಯಾಪ್ ಎತ್ತಲೋ ಸರಿದುಹೋಗುತ್ತದೆ. ಚಾರ್ಜಿಂಗ್ ತೂತು ಒದ್ದೆಯಾದರೆ ಒಣಗುವವರೆಗೆ ವೈರ್ ಸಿಕ್ಕಿಸಲೇಬಾರದು. ಜೋರು ಮಳೆಯಲ್ಲಿ ಫೋನನ್ನು ಜಾಕೆಟ್ಟಿನೊಳಗೆ ಹಾಕಿಕೊಂಡು ಬ್ಲೂಟೂತ್ ಇರುವ ಹೆಲ್ಮೆಟ್ಟಿನಲ್ಲಿ ದನಿ ಕೇಳಿಸಿಕೊಳ್ಳುವುದು ಒಳ್ಳೆಯದು. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ದಾರಿ ಹೇಳುತ್ತದೆ.

ನಿಮ್ಮ ದಾರಿಯನ್ನೇ ನೋಡಿ. ಸಕಲೇಶಪುರದಿಂದ ಶಿರಾಡಿ ಇಳಿಯುವಾಗ ಪರದೆ ನೋಡುವ ಅಗತ್ಯ ಎಲ್ಲಿದೆ? ಗುಂಡ್ಯದಲ್ಲಿ ಎಡಕ್ಕೆ ಹೊರಳಿದರೆ ಸುಬ್ರಹ್ಮಣ್ಯ, ನೇರ ಹೋದರೆ ಮಂಗಳೂರು. ಒಂದು ಮಾತು ಕಿವಿಗೆ ಬಿದ್ದರೆ ಸಾಕು. ಪರದೆ ನಿಜವಾಗಿ ಬೇಕಾಗುವುದು ಬೆಂಗಳೂರಿನಲ್ಲಿ, ಹೆಬ್ಬಾಳದಂಥ ಕಡೆ. ಎಡಕ್ಕೆ ತಿರುಗಿ ಅಂತ ದನಿ ಹೇಳುತ್ತದೆ, ಎದುರಿಗೆ ಸರ್ವಿಸ್ ರಸ್ತೆ ಒಂದು, ರ‍್ಯಾಂಪ್ ಇನ್ನೊಂದು. ಅಲ್ಲೂ ಕಣ್ಣು ಹಾಯಿಸಿ ತೆಗೆಯುವಷ್ಟೇ ಸಮಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ ಬೈಕು 33 ಮೀಟರ್ ಮುಂದೆ ಹೋಗಿರುತ್ತದೆ, ಆ 33 ಮೀಟರಿನಲ್ಲಿ ಏನಿತ್ತು ಅನ್ನುವುದನ್ನು ನೀವು ನೋಡಿರುವುದಿಲ್ಲ. 2020ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿಯೂ ಓಡಿಸುವವರು ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ರೀತಿಯಲ್ಲಿ ಬಳಸಬಹುದು ಅನ್ನುತ್ತದೆ. ವಿಳಾಸ ಟೈಪ್ ಮಾಡುವುದು, ಕರೆ ಕತ್ತರಿಸುವುದು ಎಲ್ಲ ಬೈಕ್ ಪಕ್ಕಕ್ಕೆ ನಿಲ್ಲಿಸಿದ ಮೇಲೆ.

ಹಾಗಾದರೆ ಏನು ತಗೊಳ್ಳುವುದು? ಹಳೆಯ ಫೋನ್ ಇದ್ದರೆ ಸಾವಿರ ರೂಪಾಯಿ ಆಸುಪಾಸಿನ, ಲೋಹದ ಕ್ಲಾಂಪಿರುವ ಹೋಲ್ಡರ್ ತಗೊಳ್ಳಿ, ಮೂರು ಸಾವಿರದ್ದು ಬೇಡ. ಇರುವ ಫೋನನ್ನೇ ಇಡುವುದಾದರೆ, ಅದರಲ್ಲಿ ಒಐಎಸ್ ಇದ್ದರೆ, ಡ್ಯಾಂಪರಿಗೆ ದುಡ್ಡು ಹಾಕಿ, ಹೆದ್ದಾರಿಯಲ್ಲಿ ಜೇಬಿಗೆ ಹಾಕಿಕೊಂಡು ಊರೊಳಗೆ ಮಾತ್ರ ಸಿಕ್ಕಿಸಿ. ಹಾಕಿಸಿದ ದಿನವೇ ಘಟ್ಟ ಇಳಿಯಬೇಡಿ. ಹಾಸನದ ಸುತ್ತಲೇ ಒಂದು ದಿನ ಓಡಿಸಿ, ಮನೆಗೆ ಬಂದು ಕ್ಲಾಂಪಿನ ಬೋಲ್ಟುಗಳಿಗೆ ಮತ್ತೊಮ್ಮೆ ಅಲನ್ ಕೀ ಹಾಕಿ. ಹೊಸ ರಬ್ಬರ್ ಪಟ್ಟಿ ಅಮುಕಿಕೊಂಡು ಕೂತ ಮೇಲೆ ಬೋಲ್ಟು ಸ್ವಲ್ಪ ಸಡಿಲವಾಗುತ್ತದೆ, ಅರ್ಧ ಸುತ್ತು ಖಂಡಿತ ತಿರುಗುತ್ತದೆ.