ಗುಂಯ್ಗುಡುವ ವಾಲ್ವ್ ಆಂಪ್ಲಿಫೈಯರ್: ಮೊದಲು ತಂತಿಯ ದಾರಿ ನೋಡಿ

ಹಳೆಯ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರಿಗೆ ಹೊಸ ಕಂಡೆನ್ಸರ್ (ಕೆಪಾಸಿಟರ್) ಹಾಕಿದ ಮೇಲೆ ಗುಂಯ್ ಸದ್ದು ಇನ್ನೂ ಜಾಸ್ತಿಯಾಯಿತೇ? ಹೊಸ ಭಾಗಗಳನ್ನು ಅನುಮಾನಿಸುವ ಮುನ್ನ, ಕೆಲಸದ ಭರದಲ್ಲಿ ಯಾವ ತಂತಿ ಎಲ್ಲಿಗೆ ಸರಿಯಿತು ನೋಡಿ. ಸರ್ಕ್ಯೂಟ್ ನಕ್ಷೆಯಲ್ಲಿ ತಂತಿ ಬರೀ ಗೆರೆ. ಚಾಸಿಸ್ಸಿನೊಳಗೆ, ಅಂದರೆ ಸೆಟ್ಟಿನ ತಗಡಿನ ಪೆಟ್ಟಿಗೆಯೊಳಗೆ, ಅದು ಪಕ್ಕದ ತಂತಿಯ ಜೊತೆ ಸೇರಿ ತಾನೂ ಒಂದು ಪುಟ್ಟ ಕಂಡೆನ್ಸರ್ ಆಗುತ್ತದೆ.

ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲೂ ತಯಾರಾಗುತ್ತಿದ್ದ ಇಸಿಸಿ83 ವಾಲ್ವನ್ನೇ ತೆಗೆದುಕೊಳ್ಳಿ. ಸಿಗ್ನಲ್ ಒಳಬರುವ ಗ್ರಿಡ್ 2 ಮತ್ತು 7ನೇ ಪಿನ್, ವಾಲ್ವನ್ನು ಕಾಯಿಸುವ ಹೀಟರ್ 4, 5, 9. ಗ್ರಿಡ್ಡಿನಿಂದ ಅರ್ತ್‌ಗೆ 1 ಮೆಗಾಓಮ್ ಇದೆ, ಇನ್‌ಪುಟ್ಟಿಗೆ ಏನೂ ಸಿಕ್ಕಿಸಿಲ್ಲ, ಹೀಟರಿನ ಒಂದು ತುದಿ ಅರ್ತ್ ಆಗಿದೆ ಅನ್ನಿ. ಇನ್ನೊಂದು ತುದಿಗೂ ಗ್ರಿಡ್ ತಂತಿಗೂ ನಡುವೆ ಒಂದೇ ಪಿಕೊಫ್ಯಾರಡ್ ಇದ್ದರೂ 50 ಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 3,200 ಮೆಗಾಓಮ್. ಹಾಗಾಗಿ 6.3 ವೋಲ್ಟಿನಲ್ಲಿ ಸುಮಾರು 2 ಮಿಲಿವೋಲ್ಟ್ ಗ್ರಿಡ್ಡಿಗೆ ನುಸುಳುತ್ತದೆ. ಆ ಹಂತ ಐವತ್ತು ಪಟ್ಟು ಹಿಗ್ಗಿಸಿದರೆ ಅದೇ 100 ಮಿಲಿವೋಲ್ಟ್!

ಹೀಟರ್ ಕರೆಂಟಿನ ಕಾಂತಕ್ಷೇತ್ರವೂ ಹೀಗೇ ಗುಂಯ್ ತರುತ್ತದೆ. ಅದಕ್ಕೇ ಹೀಟರ್ ತಂತಿಗಳೆರಡನ್ನೂ ಹುರಿ ಹೊಸೆದಂತೆ ಬಿಗಿಯಾಗಿ ಸುತ್ತಬೇಕು. ಒಂದರಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ಮರಳುವುದರಿಂದ ಎರಡರ ಕಾಂತಕ್ಷೇತ್ರ ಪರಸ್ಪರ ಅಳಿಸಿಹೋಗುತ್ತದೆ. ಒಂದು ಇಸಿಸಿ83, ಎರಡು ಇಎಲ್84 (ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್) ಇದ್ದರೆ ಹೀಟರ್ ಕರೆಂಟ್ 1.82 ಆಂಪಿಯರ್. ಅದಕ್ಕೆ ಸಾಲುವಂತೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 22 ಗೇಜ್ ಸಿಂಗಲ್ ಸ್ಟ್ರ್ಯಾಂಡ್ ವೈರ್ ಕೇಳಿ. ಅದು ಬಗ್ಗಿಸಿದಲ್ಲೇ ನಿಲ್ಲುತ್ತದೆ, ಈ ಕೆಲಸಕ್ಕೆ ಬೇಕಾದ್ದೂ ಅದೇ. ಚಾಸಿಸ್ಸಿನ ಮೂಲೆ ಹಿಡಿದು ಒಯ್ದು, ಸಾಕೆಟ್ ಬಳಿ ಬಂದಾಗ ಮಾತ್ರ ಒಳಕ್ಕೆ ತಿರುಗಿಸಿ.

ಟ್ರಾನ್ಸ್‌ಫಾರ್ಮರಿನ ಹೀಟರ್ ಸುರುಳಿಗೆ ಸೆಂಟರ್ ಟ್ಯಾಪ್ (ನಡುಮಧ್ಯದಿಂದ ತೆಗೆದ ತಂತಿ) ಇಲ್ಲದಿದ್ದರೆ, ಎರಡೂ ತುದಿಯಿಂದ ಅರ್ತ್‌ಗೆ ಒಂದೊಂದು 100 ಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿ. ಆಗ ಎರಡು ತುದಿಯಿಂದ ಗ್ರಿಡ್ಡಿಗೆ ನುಸುಳುವ ವೋಲ್ಟೇಜ್ ಒಂದನ್ನೊಂದು ಅಳಿಸುತ್ತದೆ. ಹಳೆಯ ಸೆಟ್ಟುಗಳಲ್ಲಿ ಒಂದು ತುದಿಯನ್ನು ನೇರ ಅರ್ತ್ ಮಾಡಿರುವುದುಂಟು, ಅದನ್ನು ಮೊದಲು ಬಿಚ್ಚಿ. ಮರೆತರೆ ಒಂದೇ ರೆಸಿಸ್ಟರ್ ಪೂರ್ತಿ 6.3 ವೋಲ್ಟ್ ಹೊತ್ತು 0.4 ವ್ಯಾಟ್ ಬಿಸಿಯಾಗುತ್ತದೆ, ಗುಂಯ್ ಸದ್ದು ಹಾಗೇ ಉಳಿಯುತ್ತದೆ.

ಗ್ರಿಡ್ ತಂತಿ ಗಿಡ್ಡವಿರಲಿ, ತಗಡಿಗೆ ಅಂಟಿಕೊಂಡಿರಲಿ. ಗ್ರಿಡ್ ಸ್ಟಾಪರ್ (ಗ್ರಿಡ್ಡಿನ ದಾರಿಯಲ್ಲಿ ಕೂರುವ) ರೆಸಿಸ್ಟರನ್ನು ಪಿನ್ನಿಗೇ ಬೆಸೆಯಿರಿ, ಎರಡು ಇಂಚು ಆಚೆ ಕೂರಿಸಿದರೆ ಆ ಎರಡು ಇಂಚು ಆಂಟೆನಾ ಆಗುತ್ತದೆ. ಹಿಗ್ಗಿದ ಸಿಗ್ನಲ್ ಹೊರಬರುವ ಪ್ಲೇಟ್ ತಂತಿ ದೂರವಿರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಇಎಲ್84ರ ಪ್ಲೇಟ್, ಅಂದರೆ 7ನೇ ಪಿನ್ನಿನ ತಂತಿ ಮೊದಲ ಗ್ರಿಡ್ಡಿನ ಪಕ್ಕದಲ್ಲೇ ಹಾದಿದ್ದರೆ ವಾಲ್ಯೂಮ್ ಏರಿಸುತ್ತಿದ್ದಂತೆ ಕೀಚಲು ಶುರು.

ಯಾವುದನ್ನೂ ಮುಟ್ಟುವ ಮುನ್ನ ಪ್ಲಗ್ ಕೀಳಿ. ಡಿಸಿ ಕರೆಂಟಿನ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರಿನಲ್ಲಿ 300 ವೋಲ್ಟ್ ಕಾದು ಕೂತಿರಬಹುದು. ಪ್ರತಿಯೊಂದನ್ನೂ 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರಿನಿಂದ ಖಾಲಿ ಮಾಡಿ, ಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ. ರೆಸಿಸ್ಟರಿನ ಬರಿ ಕಾಲನ್ನು ಬೆರಳಲ್ಲಿ ಹಿಡಿಯಲೇಬೇಡಿ.

ಪತ್ತೆಗೆ ಕಿವಿಯೂ ಸಾಕು. ದಪ್ಪ ದನಿಯ 50 ಹರ್ಟ್ಸ್ ಆದರೆ ಹೀಟರ್ ಅಥವಾ ತಂತಿಯ ದಾರಿ. ಒಂದು ಸಪ್ತಕ ಮೇಲಿನ 100 ಹರ್ಟ್ಸ್ ಆದರೆ ಫಿಲ್ಟರ್ ಕಂಡೆನ್ಸರ್ ಅಥವಾ ಅದರ ಅರ್ತ್ ಜೋಡಣೆ. ಮೊದಲನೆಯದಾದರೆ ಸೆಟ್ ಆನ್ ಮಾಡಿ, ಒಂದು ಕೈ ಜೇಬಿನಲ್ಲಿಟ್ಟು, ಗೇಣುದ್ದದ ಒಣ ಬಿದಿರು ಕಡ್ಡಿಯಿಂದ ಒಂದೊಂದೇ ತಂತಿಯನ್ನು ಮೆಲ್ಲಗೆ ಸರಿಸಿ. ಸದ್ದು ಅತಿ ಕಡಿಮೆಯಾಗುವ ಜಾಗ ಸಿಕ್ಕಿತೆಂದರೆ ಆಫ್ ಮಾಡಿ, ಕಂಡೆನ್ಸರ್ ಮತ್ತೆ ಖಾಲಿ ಮಾಡಿ, ತಂತಿಯನ್ನು ಅಲ್ಲೇ ಮೇಣದ ದಾರದಿಂದ ಕಟ್ಟಿಬಿಡಿ.